ಮೊದಲು ತೂಕ ಹೇಳಿ

ನಾಯಿ ಸಾಕಿದವರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯೆಯ ಉತ್ತರ

ಈ ಸಲ ನನ್ನ ಮೇಜಿನ ಮೇಲೆ 41 ಪತ್ರಗಳಿವೆ. ನಾಯಿಯ ಹೆಸರನ್ನು ಎಲ್ಲರೂ ಬರೆದಿದ್ದಾರೆ. ಜಾತಿಯನ್ನು ಮುಕ್ಕಾಲು ಪಾಲು ಜನ ಬರೆದಿದ್ದಾರೆ. ಹುಟ್ಟಿದ ನಕ್ಷತ್ರ ಬರೆದವರೂ ಒಬ್ಬರಿದ್ದಾರೆ. ತೂಕ ಬರೆದವರು ಮಾತ್ರ ಒಬ್ಬರೇ! ಆ ಪತ್ರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ 31 ವರ್ಷ ದುಡಿದವಳು ನಾನು. ಔಷಧಿ, ಊಟ, ನೀರು ಎಲ್ಲದರ ಲೆಕ್ಕವೂ ತೂಕದಿಂದಲೇ ಶುರುವಾಗುತ್ತದೆ. ಕಷ್ಟವೇನಿಲ್ಲ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. ಆಮೇಲೆ ಒಬ್ಬರೇ ನಿಲ್ಲಿ. ಕಳೆಯಿರಿ. ನಿಮ್ಮ ತೂಕವನ್ನು ನನಗೆ ಬರೆಯಬೇಕಿಲ್ಲ, ನಾಯಿಯದ್ದು ಸಾಕು.

ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಮೊಟ್ಟೆಯೂ ಹೊಸಿಲು ದಾಟುವುದಿಲ್ಲ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿಗೆ ದಿನಕ್ಕೆ ಎರಡು ಹೊತ್ತು ರಾಗಿ ಅಂಬಲಿಗೆ ಹಾಲು ಬೆರೆಸಿ ಕೊಡುತ್ತೇವೆ. ಮುಂಗಾಲು ಸ್ವಲ್ಪ ಬಾಗಿದಂತೆ ಕಾಣುತ್ತಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಮತ್ಯಾಕೆ ಹೀಗೆ? ಕೂದಲು ಉದುರುತ್ತದೆ ಎಂದು ಉಪ್ಪು ಹಾಕುತ್ತಿಲ್ಲ. ಬೆಳಗಿನ ಬಿಸಿಲಿಗೆ ತಪ್ಪದೆ ಬಿಡುತ್ತೇವೆ.
– ಓದುಗರು, ತಿಪಟೂರು

ಈ ವಾರವೇ ಮರಿಯನ್ನು ಡಾಕ್ಟರಿಗೆ ತೋರಿಸಿ. ಬಾಗಿದ ಕಾಲನ್ನು ಪತ್ರದಲ್ಲಿ ನೆಟ್ಟಗೆ ಮಾಡಲಾಗದು. ಎಕ್ಸ್‌ರೇ ತೆಗೆಸಬೇಕಾಗಬಹುದು.

ರಾಗಿಯನ್ನು ಬೈಯುವವಳು ನಾನಲ್ಲ. ಮುದ್ದೆ ತಿಂದೇ ಬೆಳೆದವಳು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದ್ದದ್ದೆಲ್ಲ ಮೈಗೆ ಸಿಗುವುದಿಲ್ಲ. ಪ್ರೋಟೀನ್ ಇರುವುದು 7 ಗ್ರಾಂ ಆಸುಪಾಸು. ಅದರ ಮೇಲೆ ನೀವು ಕೊಡುತ್ತಿರುವುದು ಅಂಬಲಿ. ಅದರಲ್ಲಿ ನೀರೇ ಜಾಸ್ತಿ. ಮರಿಯ ಹೊಟ್ಟೆ ತಮಟೆಯಂತಾಗುತ್ತದೆ, ನಿಮಗೆ ಸಮಾಧಾನವಾಗುತ್ತದೆ. ಮೂಳೆಗೆ, ಮಾಂಸಖಂಡಕ್ಕೆ ಏನೂ ಹೋಗಿರುವುದಿಲ್ಲ. ಲ್ಯಾಬ್ರಡಾರ್ ಅಂದರೆ ಒಂದು ಚಿಲ್ಲರೆ ವರ್ಷದಲ್ಲಿ 30 ಕೆ.ಜಿ. ಆಗಬೇಕಾದ ಪ್ರಾಣಿ. ಅಷ್ಟು ದೊಡ್ಡ ಮನೆ ಕಟ್ಟಲು ಇಟ್ಟಿಗೆ ಎಲ್ಲಿಂದ ಬರಬೇಕು ಹೇಳಿ?

ಬಿಸಿಲಿನ ಮಾತು. ನಮ್ಮ ಚರ್ಮ ಬಿಸಿಲು ಬಿದ್ದರೆ ವಿಟಮಿನ್ ಡಿ ಮಾಡಿಕೊಳ್ಳುತ್ತದೆ. ನಾಯಿಯ ಚರ್ಮಕ್ಕೆ ಅದು ಸಾಕಷ್ಟು ಆಗುವುದಿಲ್ಲ. ಅದಕ್ಕೆ ಊಟದಿಂದಲೇ ಸಿಗಬೇಕು. ನಿಮ್ಮ ಅಂಬಲಿಯಲ್ಲಿ ಅದು ಇಲ್ಲ. ಹಾಗಾಗಿ ಬಿಸಿಲಿಗೆ ಬಿಡಿ, ಆಡಲಿ. ಕಾಲು ಅದರಿಂದ ನೆಟ್ಟಗಾಗುತ್ತದೆ ಎಂದು ಕಾಯಬೇಡಿ.

ಸಸ್ಯಾಹಾರದಲ್ಲಿ ನಾಯಿ ಬದುಕುತ್ತದೆಯೇ? ಬದುಕುತ್ತದೆ. ಮನುಷ್ಯನ ಜೊತೆ ಸಾವಿರಾರು ವರ್ಷ ಅನ್ನ, ರೊಟ್ಟಿ ತಿಂದು ಅದರ ಹೊಟ್ಟೆ ತೋಳದ ಹೊಟ್ಟೆಯಾಗಿ ಉಳಿದಿಲ್ಲ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದರ ಪ್ರಕಾರ, ಪಿಷ್ಟ ಅರಗಿಸುವ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇದೆ. (ಬೆಕ್ಕಿಗೆ ಈ ಮಾತು ಹೊಂದುವುದಿಲ್ಲ. ಬೆಕ್ಕಿಗೆ ಮಾಂಸ ಬೇಕೇ ಬೇಕು. ಹಾಲು ಅನ್ನದ ಬೆಕ್ಕು ಕದ್ದು ಇಲಿ ತಿಂದು ಬದುಕಿಕೊಂಡಿರುತ್ತದೆ, ಅಷ್ಟೆ.) ಆದರೆ ಬೆಳೆದ ನಾಯಿ ಬೇರೆ, ಬೆಳೆಯುವ ದೊಡ್ಡ ಜಾತಿಯ ಮರಿ ಬೇರೆ. ಮರಿಗೆ ಮನೆಯಲ್ಲೇ ಸಸ್ಯಾಹಾರ ಹೊಂದಿಸುವುದು ಅನುಭವಿಗಳಿಗೂ ಕಷ್ಟ. ಕನಿಷ್ಠ ಒಂದು ವರ್ಷ ತುಂಬುವವರೆಗೆ ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರವೇ ಮುಖ್ಯ ಊಟವಾಗಲಿ. ಸಸ್ಯಾಹಾರಿ ಪ್ಯಾಕೆಟ್ಟುಗಳೂ ಸಿಗುತ್ತವೆ. ಪೂರ್ಣ ಆಹಾರ ಎಂದು, ಮರಿಗಳಿಗೆ ಎಂದು ಬರೆದಿದೆಯೇ ನೋಡಿ ಕೊಳ್ಳಿ. ಈಗ ದಿನಕ್ಕೆ ಮೂರು ಹೊತ್ತು ಕೊಡಿ. ಆರು ತಿಂಗಳು ಕಳೆದ ಮೇಲೆ ಎರಡು ಹೊತ್ತು ಸಾಕು. ಹಾಲಿನಿಂದ ಭೇದಿಯಾಗುತ್ತಿದ್ದರೆ ನಿಲ್ಲಿಸಿ, ಮೊಸರು ಕೊಡಿ. ಅಂಗಡಿಯವರು ಕೊಡುವ ಕ್ಯಾಲ್ಸಿಯಂ ಸಿರಪ್ಪನ್ನು ನೀವೇ ಶುರು ಮಾಡಬೇಡಿ. ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಜಾಸ್ತಿಯಾದರೂ ಮೂಳೆ ಕೆಡುತ್ತದೆ.

ಮರಿ ಬೆಳೆದ ಮೇಲೆ ಮುದ್ದೆಯೋ ಅನ್ನವೋ ಒಂದು ಪಾಲು, ಚೆನ್ನಾಗಿ ಬೇಯಿಸಿದ ಬೇಳೆ, ಸೋಯಾ, ಪನ್ನೀರು ಸೇರಿ ಇನ್ನೊಂದು ಪಾಲು, ಸ್ವಲ್ಪ ಕುಂಬಳ ಅಥವಾ ಕ್ಯಾರೆಟ್, ಒಂದು ಚಮಚ ಎಣ್ಣೆ. ಜೊತೆಗೆ ಡಾಕ್ಟರು ಬರೆದುಕೊಟ್ಟ ವಿಟಮಿನ್ ಪುಡಿ. ಚಿಟಿಕೆ ಉಪ್ಪಿನಿಂದ ಕೂದಲು ಉದುರುವುದಿಲ್ಲ. ಉಣ್ಣಿ, ಚಿಗಟ, ಕಜ್ಜಿ, ಪ್ರೋಟೀನ್ ಕೊರತೆ, ಇವುಗಳಿಂದ ಉದುರುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಬೇಡ ಅಂದರೆ ಒಪ್ಪುತ್ತೇನೆ.

ಹಾಸನದ ಕಡೆ ನಾನಿದ್ದಾಗ ಒಬ್ಬ ಅಜ್ಜಿ ಇದ್ದರು. ಬಹಳ ಮಡಿ. ಅವರ ಮನೆಯ ನಾಯಿಯ ಮೈ ಮಾತ್ರ ಮಿರಮಿರ ಮಿಂಚುತ್ತಿತ್ತು. ಗುಟ್ಟು ಕೇಳಿದೆ. ‘ಪಕ್ಕದ ಮನೆಯವರು ದಿನಾ ಒಂದು ಮೊಟ್ಟೆ ಬೇಯಿಸಿ ಕಾಂಪೌಂಡಿನ ಮೇಲೆ ಇಡ್ತಾರೆ ಡಾಕ್ಟ್ರಮ್ಮ, ದುಡ್ಡು ನಾನು ಕೊಡ್ತೀನಿ’ ಅಂದರು. ನಿಮಗೂ ಒಳ್ಳೆಯ ನೆರೆಹೊರೆ ಇರಬಹುದು.

ಮುಧೋಳ ನಾಯಿ ಸಾಕಿದ್ದೇವೆ. ಪಕ್ಕೆಲುಬು ಕಾಣುತ್ತವೆ. ಬಂದವರೆಲ್ಲ ‘ಉಪವಾಸ ಕೆಡವಿದ್ದೀರಾ’ ಎಂದು ಕೇಳುತ್ತಾರೆ. ದಪ್ಪ ಮಾಡುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಮಾಡಬೇಡಿ. ಅದು ಓಡಲು ಹುಟ್ಟಿದ ನಾಯಿ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣಬೇಕು, ಸೊಂಟ ಒಳಗೆ ಹೋಗಿರಬೇಕು. ಬೆನ್ನಿನ ಮೂಳೆ ಗರಗಸದಂತೆ ಎದ್ದಿದ್ದರೆ, ತೊಡೆಯಲ್ಲಿ ಮಾಂಸವೇ ಇಲ್ಲದಿದ್ದರೆ ಮಾತ್ರ ಚಿಂತೆ. ಆಗ ಮೊದಲು ಜಂತುಹುಳದ ಮಾತ್ರೆ ಕೊಟ್ಟು ಎಷ್ಟು ದಿನವಾಯಿತು ನೋಡಿ.

ಕೇಳುವವರಿಗೆ ಹೇಳಿ: ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟದ್ದು ಇದೇ ತೆಳ್ಳನೆಯ ನಾಯಿಯನ್ನು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದೂ ಇದೇ. ಅಲ್ಲಿಯೂ ಅದು ದಪ್ಪಗಿಲ್ಲ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ತಳಿಯ ಬಗ್ಗೆ ಏನೇ ಅನುಮಾನವಿದ್ದರೂ ಅಲ್ಲಿ ಕೇಳಬಹುದು. ನಿಮ್ಮ ಕಡೆಯ ಜೋಳದ ನುಚ್ಚು, ರೊಟ್ಟಿ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಜೊತೆಗೆ ಮೊಟ್ಟೆ ಅಥವಾ ಮಾಂಸ ಇರಲಿ. ಇನ್ನೊಂದು ಮಾತು. ಈ ಬಗೆಯ ಬೇಟೆ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ. ಆಪರೇಷನ್ ಅಂತ ಏನಾದರೂ ಬಂದರೆ ಡಾಕ್ಟರಿಗೆ ತಳಿ ನೆನಪಿಸಿ.

ನಾಯಿಗೆ ಜ್ವರ ಬಂದಂತಿದೆ. ನಾವು ತೆಗೆದುಕೊಳ್ಳುವ ಜ್ವರದ ಮಾತ್ರೆ ಅರ್ಧ ಕೊಡಬಹುದಾ?
– ಓದುಗರು, ತುಮಕೂರು

ಬೇಡ. ಪ್ಯಾರಸಿಟಮಾಲ್ ಲೆಕ್ಕ ತಪ್ಪಿದರೆ ಲಿವರ್ ಕೆಡುತ್ತದೆ. ಮೈಕೈ ನೋವಿನ ಐಬುಪ್ರೊಫೆನ್ ಅಂತೂ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಕೇಳಿ: ಅದಕ್ಕೆ ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಸಾಕು ಸಾಯಲು. ಅಂದಹಾಗೆ ನಾಯಿಯ ಮೈ ನಮಗಿಂತ ಯಾವಾಗಲೂ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಮೂಗು ಮುಟ್ಟಿ ಜ್ವರ ಹೇಳಲಾಗದು. ಒಂದು ಥರ್ಮಾಮೀಟರ್ ಅದಕ್ಕೆಂದೇ ಇಡಿ. ಅಳೆಯುವುದು ಬಾಯಲ್ಲಲ್ಲ, ಬಾಲದ ಕೆಳಗೆ. ಹಾಗಾಗಿ ‘ಅದಕ್ಕೆಂದೇ’ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಅಡಿಕೆ ತೋಟದ ನಾಯಿಗೆ ಮೈತುಂಬ ಉಣುಗು. ದಿನಾ ಕಿತ್ತರೂ ಮಾರನೇ ದಿನ ಅಷ್ಟೇ. ಎರಡು ದಿನದಿಂದ ಊಟ ಬಿಟ್ಟಿದೆ, ಮೂಗಿನಲ್ಲಿ ಸ್ವಲ್ಪ ರಕ್ತ ಬಂತು. ಇಂಬಳ ಹೊಕ್ಕಿರಬೇಕು ಎಂದು ಉಪ್ಪುನೀರು ಬಿಟ್ಟೆವು.
– ಓದುಗರು, ಸಾಗರ ತಾಲ್ಲೂಕು

ಬಯಲುಸೀಮೆಯವರಿಗೆ: ಉಣುಗು ಅಂದರೆ ಉಣ್ಣಿ, ಇಂಬಳ ಅಂದರೆ ಜಿಗಣೆ. ಮಲೆನಾಡಿನಲ್ಲಿ ಕೆಲಸ ಮಾಡುವಾಗ ನಾಯಿಯ ಮೂಗಿನಿಂದ ಇಂಬಳ ತೆಗೆದದ್ದು ಲೆಕ್ಕವಿಲ್ಲ. ಆದರೆ ಮೈತುಂಬ ಉಣುಗು, ಊಟ ಬಿಟ್ಟಿದೆ, ಮೂಗಿನಲ್ಲಿ ರಕ್ತ ಅಂದರೆ ನನ್ನ ತಲೆಗೆ ಮೊದಲು ಬರುವುದು ಉಣ್ಣಿ ಜ್ವರ. ಎರ್ಲಿಕಿಯ ಎಂಬ ಸೂಕ್ಷ್ಮಾಣು ಉಣ್ಣಿಯ ಬಾಯಿಂದ ರಕ್ತಕ್ಕೆ ಸೇರಿ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನೇ ಕಡಿಮೆ ಮಾಡುತ್ತದೆ. ಅದಕ್ಕೇ ಮೂಗಿನಲ್ಲಿ ರಕ್ತ. ಬಬೇಸಿಯ ಅಂತ ಇನ್ನೊಂದಿದೆ. ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಆಗ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನಾಯಿಯ ತುಟಿ ಎತ್ತಿ ವಸಡು ನೋಡಿ. ಗುಲಾಬಿ ಹೋಗಿ ಬಿಳುಚಿದ್ದರೆ ಇವತ್ತೇ ಜೀಪು ಹತ್ತಿಸಿ. ರಕ್ತ ಪರೀಕ್ಷೆ ಮಾಡುತ್ತಾರೆ. ಎರ್ಲಿಕಿಯಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ವಾರ ಮಾತ್ರೆ ಇರುತ್ತದೆ. ಮೂರನೇ ದಿನಕ್ಕೆ ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ, ನೀವು ಐದನೇ ದಿನ ಮಾತ್ರೆ ನಿಲ್ಲಿಸುತ್ತೀರಿ, ತಿಂಗಳು ಕಳೆದು ಅದೇ ಕಾಯಿಲೆ ವಾಪಸ್ ಬರುತ್ತದೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ!

ಇನ್ನು ಕಿತ್ತರೂ ಮುಗಿಯದ ಉಣುಗಿನ ಕಥೆ. ನೀವು ಕೀಳುತ್ತಿರುವುದು ನಾಯಿಯ ಮೈಯಿಂದ. ಅದು ಹುಟ್ಟುತ್ತಿರುವುದು ಮನೆಯಲ್ಲಿ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಉದುರಿ, ಗೋಡೆಯ ಬಿರುಕಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಗೋಣಿಚೀಲ, ಕೊಟ್ಟಿಗೆಯ ಗೋಡೆ, ಜಗಲಿಯ ಸಂದು, ಇವೆಲ್ಲ ಅದರ ಬಾಣಂತಿ ಕೋಣೆ. ಗೋಣಿಚೀಲ ಸುಟ್ಟುಬಿಡಿ. ಹಾಸಿಗೆ ಬಟ್ಟೆಯಾದರೆ ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಒಗೆಯಿರಿ. ಬಿರುಕಿಗೆ ಸಿಮೆಂಟ್ ಮೆತ್ತಿ. ನಾಯಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಉಣ್ಣಿ ಮಾತ್ರೆಗಳಿವೆ. ಬೆಲೆ ಜಾಸ್ತಿ, ಆದರೆ ಕೆಲಸ ಮಾಡುತ್ತವೆ. ಅವು ಸಿಗುವುದು ತೂಕದ ಪ್ರಕಾರ (ನೋಡಿ, ಮತ್ತೆ ಅಲ್ಲಿಗೇ ಬಂದೆ). ನಾಯಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಕೀಳುವಾಗ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಬೀಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಉಗುರಿನಲ್ಲಿ ಚಿಟ್ಟೆನ್ನಿಸಿ ಒಡೆಯುವುದಂತೂ ಬೇಡವೇ ಬೇಡ, ಅದರಲ್ಲಿ ಏನೋ ಸುಖ ಇದೆ ಅಂತ ನನಗೂ ಗೊತ್ತು. ಸೋಪಿನ ನೀರಿಗೆ ಹಾಕಿ. ನೀವಿರುವುದು ಉಣುಗಿನಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆಯ ಸೀಮೆ. ಅದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಉಣುಗು ಬೇರೆ ಜಾತಿ, ಕಾಡಿನದು. ಆದರೂ ನಾಯಿ ನಿಮ್ಮ ಜೊತೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಬಂದಿದ್ದರೆ, ಒಳಗೆ ಬಿಡುವ ಮೊದಲು ಕಿವಿಯ ಒಳಗೆ, ಬೆರಳ ಸಂದು, ಬೆಲ್ಟಿನ ಕೆಳಗೆ ನೋಡಿ. ನಿಮ್ಮ ಮೈಯನ್ನೂ ನೋಡಿಕೊಳ್ಳಿ.

ನಮ್ಮ ಬೀಗಲ್‌ಗೆ ಏಳು ವರ್ಷ, ಸಂತಾನಹರಣ ಆಗಿದೆ. ಊಟ ತೀರಾ ಕಡಿಮೆ, ದಿನಕ್ಕೆ ಎರಡು ಸಣ್ಣ ಬಟ್ಟಲು. ಆದರೂ ಮೆಟ್ಟಿಲು ಹತ್ತಲು ಏದುಸಿರು. ಮನೆಯವರು ಕೊಡುವುದು ಬಿಸ್ಕತ್ತು ಮಾತ್ರ.
– ಗೃಹಿಣಿ, ಜಯನಗರ, ಬೆಂಗಳೂರು

‘ಬಿಸ್ಕತ್ತು ಮಾತ್ರ’. ಇಡೀ ಪತ್ರದಲ್ಲಿ ನನಗೆ ಬೇಕಾದ ಮಾತು ಇದೊಂದೇ.

ತೂಕ ನೀವು ಬರೆದಿಲ್ಲ. 12 ಕೆ.ಜಿ. ಇರಬೇಕಾದ ಬೀಗಲ್ ಎಂದು ಇಟ್ಟುಕೊಳ್ಳೋಣ. ಸಂತಾನಹರಣವಾದ ಅಂಥ ನಾಯಿಗೆ ಇಡೀ ದಿನಕ್ಕೆ ಹೆಚ್ಚೂಕಡಿಮೆ 650 ಕ್ಯಾಲೊರಿ ಸಾಕು. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲೊರಿ. ಬೆಳಗಿನ ಕಾಫಿಗೆ ಅತ್ತೆಯವರು ಎರಡು, ಪೇಪರ್ ಓದುತ್ತಾ ಯಜಮಾನರು ಎರಡು, ಶಾಲೆಯಿಂದ ಬಂದ ಮಗಳು ಎರಡು, ಟಿ.ವಿ. ಮುಂದೆ ಎಲ್ಲರೂ ಸೇರಿ ಎರಡು. ಎಂಟಾಯಿತು, 200 ಕ್ಯಾಲೊರಿ. ದಿನದ ಊಟದ ಮೂರನೇ ಒಂದು ಪಾಲು. ನಾಯಿಗೆ ಒಬ್ಬೊಬ್ಬರೂ ಕೊಟ್ಟದ್ದು ‘ಎರಡೇ’, ಅಲ್ವಾ? ಮೇಲು ತಿಂಡಿ ಅನ್ನುವುದೆಲ್ಲ ಸೇರಿ ಹತ್ತನೇ ಒಂದು ಪಾಲು ದಾಟಬಾರದು. ಬಿಸ್ಕತ್ತಿನ ಡಬ್ಬದಲ್ಲಿ ಬೇಯಿಸಿದ ಕ್ಯಾರೆಟ್, ಬೀನ್ಸ್, ಸೌತೆಕಾಯಿ ಚೂರು ಇಡಿ. ನಾಯಿಗೆ ಬೇಕಿರುವುದು ನಿಮ್ಮ ಕೈಯಿಂದ ಏನೋ ಒಂದು. ಅತ್ತೆಯವರಿಗೂ ಕೊಟ್ಟ ಸಮಾಧಾನ ಉಳಿಯುತ್ತದೆ.

ಕೈಯಿಂದ ನೋಡುವ ಪರೀಕ್ಷೆ ಹೇಳುತ್ತೇನೆ. ನಿಮ್ಮ ಮುಷ್ಟಿ ಕಟ್ಟಿ ಬೆರಳ ಗಿಣ್ಣು ಸವರಿ, ಆಮೇಲೆ ನಾಯಿಯ ಪಕ್ಕೆ ಸವರಿ. ಪಕ್ಕೆಲುಬು ಹಾಗೆ ಸಿಕ್ಕರೆ ನಾಯಿ ತೀರಾ ಬಡಕಲು. ಅಂಗೈ ಚಾಚಿ ಕೈಯ ಹಿಂಬದಿ ಸವರಿ. ಹಾಗಿದ್ದರೆ ಸರಿಯಾಗಿದೆ. ಅಂಗೈಯ ಹೆಬ್ಬೆರಳ ಬುಡ ಒತ್ತಿ ನೋಡಿ. ಹಾಗಿದ್ದರೆ ಬಿಸ್ಕತ್ತು ನಿಲ್ಲಿಸಿ. ಒಮ್ಮೆಲೇ ಉಪವಾಸ ಕೆಡವಬೇಡಿ. ವಾರಕ್ಕೆ ತೂಕದ ನೂರರಲ್ಲಿ ಒಂದೆರಡು ಪಾಲು ಇಳಿದರೆ ಸಾಕು. ಎರಡು ತಿಂಗಳು ಕಟ್ಟುನಿಟ್ಟಾಗಿ ಮಾಡಿದರೂ ಇಳಿಯದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ನಿಮ್ಮ ಪತ್ರದ ಕೊನೆಯಲ್ಲಿ ‘ಹಬ್ಬದ ದಿನ ಎಲೆಯಲ್ಲಿ ಉಳಿದದ್ದು’ ಎಂದು ಒಂದು ಸಾಲಿದೆ. ಅದರ ಬಗ್ಗೆ ನನಗೆ ಜಾಸ್ತಿ ಹೆದರಿಕೆ. ಸಾಂಬಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ. ಬೇಯಿಸಿದರೂ ಅದರ ಗುಣ ಹೋಗದು. ಪಾಯಸದ ಒಣದ್ರಾಕ್ಷಿ, ಮೊಸರನ್ನಕ್ಕೆ ಹಾಕಿದ ಹಸಿ ದ್ರಾಕ್ಷಿ ಕಿಡ್ನಿ ಕೆಡಿಸುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು ಈಚೆಗೆ ತಜ್ಞರು ಹೇಳುತ್ತಿದ್ದಾರೆ. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ತುಂಬಾ ಇದೆ. ಹಾಗಾಗಿ ಪುಳಿಯೋಗರೆ, ಹುಳಿ ಎಲ್ಲ ನಮಗೇ ಇರಲಿ. ಚಾಕೊಲೇಟ್, ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಚ್ಯೂಯಿಂಗ್ ಗಮ್ ಕೂಡ ವಿಷವೇ. ತಿಂದದ್ದು ಕಣ್ಣಿಗೆ ಬಿದ್ದರೆ ಲಕ್ಷಣ ಬರಲಿ ಎಂದು ಕಾಯಬೇಡಿ. ಡಬ್ಬದ ಸಮೇತ ಡಾಕ್ಟರ ಹತ್ತಿರ ಹೋಗಿ.

ಬೀದಿ ನಾಯಿಯೊಂದಕ್ಕೆ ಕಜ್ಜಿ. ಗ್ಯಾರೇಜಿನವರು ಸುಟ್ಟ ಎಂಜಿನ್ ಆಯಿಲ್ ಹಚ್ಚಿದರೆ ಹೋಗುತ್ತದೆ ಎನ್ನುತ್ತಾರೆ. ಎಷ್ಟು ದಿನ ಹಚ್ಚಬೇಕು?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಒಂದು ದಿನವೂ ಬೇಡ ಮಗು. ಚರ್ಮ ಸುಡುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ಹೊಟ್ಟೆಗೂ ಹೋಗುತ್ತದೆ. ಫಿನಾಯಿಲ್ ಸ್ನಾನವೂ ಅಷ್ಟೇ ಕೆಟ್ಟದ್ದು. ಕಜ್ಜಿ ಬರುವುದು ಚರ್ಮದೊಳಗೆ ಸೇರುವ ಕಣ್ಣಿಗೆ ಕಾಣದ ನುಸಿಯಿಂದ. ನಾನು ಕೆಲಸಕ್ಕೆ ಸೇರಿದಾಗ ವಾರಗಟ್ಟಲೆ ಔಷಧಿ ನೀರಲ್ಲಿ ಅದ್ದುತ್ತಿದ್ದೆವು. ಈಗ ಮೇಲೆ ಹೇಳಿದ ಉಣ್ಣಿ ಮಾತ್ರೆಯಿಂದಲೇ ಹೋಗುತ್ತದೆ. ಬ್ರೆಡ್ಡಿನಲ್ಲಿ ಇಟ್ಟು ಕೊಟ್ಟರಾಯಿತು, ನಾಯಿಯನ್ನು ಹಿಡಿಯುವ ಕೆಲಸವೂ ಇಲ್ಲ. ಸ್ನೇಹಿತರೆಲ್ಲ ಸೇರಿ ದುಡ್ಡು ಹಾಕಿ. ಒಂದು ಜಾತಿಯ ನುಸಿ ಮನುಷ್ಯರಿಗೂ ತುರಿಕೆ ತರುತ್ತದೆ, ಮುಟ್ಟಿದ ಮೇಲೆ ಕೈ ತೊಳೆದುಕೋ.

ಕಲಬುರಗಿಯ ಬಿಸಿಲಿಗೆ ನಮ್ಮ ಪಗ್ ಮಧ್ಯಾಹ್ನ ಗೊರಗೊರ ಅನ್ನುತ್ತಾ ಬಿದ್ದಿರುತ್ತದೆ. ಐಸ್ ನೀರಿನಲ್ಲಿ ಕೂರಿಸಬಹುದೇ?
– ಓದುಗರು, ಕಲಬುರಗಿ

40 ಡಿಗ್ರಿ ದಾಟುವ ಊರಿಗೆ ಪಗ್ ಬಂದದ್ದೇ ಅದರ ಗ್ರಹಚಾರ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಬಿಸಿ ಹೊರಹಾಕಬೇಕು. ಪಗ್‌ಗೆ ಚಪ್ಪಟೆ ಮೂಗು, ಇಕ್ಕಟ್ಟಾದ ಗಾಳಿದಾರಿ. ಅದಕ್ಕೆ ಅದೂ ಸರಿಯಾಗಿ ಆಗದು.

ಐಸ್ ನೀರು ಬೇಡ, ನಲ್ಲಿ ನೀರು ಸಾಕು. ವಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಅದು ಬಿಸಿಲಿನ ಹೊಡೆತ. ಮೈ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ. ನೆರಳಿಗೆ ತಂದು ಇಡೀ ಮೈಗೆ ನೀರು ಸುರಿಯಿರಿ, ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಎದ್ದು ಕೂತರೂ ಹೊರಡಿ, ಒಳಗಿನ ಪೆಟ್ಟು ಮಾರನೇ ದಿನ ತಿಳಿಯುತ್ತದೆ. ಉಳಿದ ದಿನಗಳಲ್ಲಿ ವಾಕಿಂಗ್ ಬೆಳಗ್ಗೆ ಆರಕ್ಕೇ ಮುಗಿಯಲಿ. ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಬದಿ ಏಳು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದವೂ ಇಡಲಾಗದು. ಕುಡಿಯಲು ಮಣ್ಣಿನ ಪಾತ್ರೆಯಲ್ಲಿ ನೀರಿಡಿ. ಕೆ.ಜಿ.ಗೆ 50–60 ಮಿ.ಲೀ. ದಿನದ ಲೆಕ್ಕ, ನಿಮ್ಮೂರಲ್ಲಿ ಇನ್ನೂ ಬೇಕು. ಉಪ್ಪು, ಒಗ್ಗರಣೆ ಇಲ್ಲದ ನೀರು ಮಜ್ಜಿಗೆ ಕೊಡಬಹುದು.

ಎರಡು ತಿಂಗಳ ಮರಿಗೆ ಮೊದಲ ಲಸಿಕೆ ಆಗಿದೆ. ಇನ್ನು ಪಾರ್ಕಿಗೆ ಕರೆದುಕೊಂಡು ಹೋಗಬಹುದಲ್ಲವೇ?
– ಓದುಗರು, ಮಂಡ್ಯ

ಇಲ್ಲ. ಮರಿಯ ಮೈಯಲ್ಲಿ ತಾಯಿಯಿಂದ ಬಂದ ರಕ್ಷಣೆ ಇರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಎಂದು ಹೊರಗಿನಿಂದ ಕಾಣದು. ಅದಕ್ಕೇ 6–8 ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರದವರೆಗೆ ಮತ್ತೆ ಮತ್ತೆ ಹಾಕುವುದು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಕೊನೆಯ ಸುತ್ತು ಮುಗಿದು ಎರಡು ವಾರವಾಗಲಿ. ಅಲ್ಲಿಯವರೆಗೆ ಹೆಗಲ ಮೇಲೆ ಎತ್ತಿಕೊಂಡು ಲೋಕ ತೋರಿಸಿ, ನೆಲಕ್ಕೆ ಬಿಡಬೇಡಿ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. 1996ರಲ್ಲಿ ನನ್ನದೇ ಮನೆಗೆ ಒಂದು ಕರಿ ಮರಿ ಬಂತು. ಊರಿನ ಮರಿಗಳಿಗೆಲ್ಲ ಸೂಜಿ ಹಾಕುತ್ತಿದ್ದವಳು ಅದರ ಎರಡನೇ ಸೂಜಿಯನ್ನು ‘ಮುಂದಿನ ವಾರ’ ಎಂದು ಎರಡು ಸಲ ಮುಂದೆ ಹಾಕಿದೆ. ಪಾರ್ವೊ ಬಂತು. ವಾಂತಿ, ರಕ್ತಭೇದಿ, ಆ ವಾಸನೆ. ನಾಲ್ಕು ದಿನ ಡ್ರಿಪ್ ಹಿಡಿದು ಕೂತೆ. ಉಳಿಯಲಿಲ್ಲ. ಅದಕ್ಕೂ ಮುಂಚೆ ಆಸ್ಪತ್ರೆಯಿಂದ ನನ್ನ ಚಪ್ಪಲಿಯಲ್ಲೇ ವೈರಸ್ ಬಂದಿರಬೇಕು. ಅದು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಿದರೆ ಸಾಯುತ್ತದೆ. ಮರಿ ವಾಂತಿ ಮಾಡಿ ಊಟ ಬಿಟ್ಟರೆ ರಾತ್ರಿ ಕಳೆಯಲಿ ಎನ್ನಬೇಡಿ.

ನಮ್ಮ ನಾಯಿಗೆ ಪ್ರತಿ ವರ್ಷ ರೇಬಿಸ್ ಲಸಿಕೆ ಆಗುತ್ತದೆ. ಆಟದಲ್ಲಿ ಮೊಮ್ಮಗಳ ಕೈಗೆ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು. ಅರಿಶಿನ ಹಚ್ಚಿದ್ದೇವೆ, ಸಾಕೇ?
– ಓದುಗರು, ಮೈಸೂರು

ಇವರಿಗೆ ಪತ್ರ ಬಂದ ದಿನವೇ ಫೋನ್ ಮಾಡಿ ಹೇಳಿದೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸಾಲದು. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ಹರಿಯುವ ನಲ್ಲಿ ನೀರಿನಲ್ಲಿ, ಸೋಪು ಹಾಕಿ, 15 ನಿಮಿಷ ಗಡಿಯಾರ ನೋಡಿ ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಇನ್ನೊಂದು ಔಷಧಿಯೂ ಬೇಕಾಗುತ್ತದೆ. ಚರ್ಮಕ್ಕೆ ಹಾಕುವ ಲಸಿಕೆಯಾದರೆ 0, 3, 7, 28ನೇ ದಿನ. ಮಾಂಸಖಂಡಕ್ಕಾದರೆ 14ನೇ ದಿನವೂ ಸೇರುತ್ತದೆ. ಮನೆ ನಾಯಿ, ಲಸಿಕೆ ಆಗಿದೆ ಎಂಬುದನ್ನು ಆ ಡಾಕ್ಟರಿಗೆ ಹೇಳಿ, ತೀರ್ಮಾನ ಅವರದು. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧಿ ಇಲ್ಲ. ಹಾಗಾಗಿ ಇಲ್ಲಿ ಮುಜುಗರ, ದಾಕ್ಷಿಣ್ಯ ಬೇಡ.

ನಾನು ಏಳನೇ ಕ್ಲಾಸ್. ನಮ್ಮ ನಾಯಿ ಊರು ನಾಯಿ. ತೂಕ 14 ಕೆ.ಜಿ. 300 ಗ್ರಾಂ. ಕೊಬ್ಬರಿ ಮಂಡಿಯಲ್ಲಿ ಮಾಮ ತೂಗಿ ಕೊಟ್ಟರು. ಅಲ್ಲಾಡುತ್ತಿತ್ತು, ಅದಕ್ಕೆ ಮೂರು ಸಲ ತೂಗಿದೆವು. ಹುಳದ ಮಾತ್ರೆ ಹಾಳೆ ಮೇಲೆ 10 ಕೆ.ಜಿ.ಗೆ ಒಂದು ಎಂದು ಬರೆದಿದೆ. ಒಂದು ಕೊಡಲಾ, ಎರಡು ಕೊಡಲಾ?
– ವಿದ್ಯಾರ್ಥಿ, ಅರಸೀಕೆರೆ ತಾಲ್ಲೂಕು

ಒಂದೂವರೆ. ಮಧ್ಯದಲ್ಲಿ ಗೆರೆ ಇದ್ದರೆ ಅಲ್ಲಿ ಮುರಿ. ಮುದ್ದೆಯ ಉಂಡೆಯೊಳಗೆ ಇಡು. ಮೊದಲು ಮಾತ್ರೆ ಇಲ್ಲದ ಒಂದು ಉಂಡೆ ಕೊಡು, ಆಮೇಲೆ ಮಾತ್ರೆ ಇರುವುದು, ತಕ್ಷಣ ಇನ್ನೊಂದು ಖಾಲಿ ಉಂಡೆ. ನಾಯಿಗೆ ಯೋಚಿಸಲು ಸಮಯ ಸಿಗಬಾರದು. ಮರುದಿನ ನಾಯಿಯ ಕಕ್ಕದಲ್ಲಿ ಹುಳ ಕಂಡರೆ ಹೆದರಬೇಡ, ಮಣ್ಣಿನಲ್ಲಿ ಹೂತು ಕೈ ತೊಳೆ. ಮೂರು ತಿಂಗಳಿಗೆ ಮತ್ತೆ ಕೊಡಬೇಕು, ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡು. ಆ ದಿನ ಮತ್ತೆ ಮಂಡಿಗೆ ಹೋಗಿ ತೂಗು. ತೂಕ ಎಷ್ಟಾಯಿತು ಎಂದು ನನಗೂ ಬರೆ.